ಬಾವಿಯ ರಾಕ್ಷಸನಿಗೆ ಹನ್ನೆರಡು ಮೊಳ ಹಗ್ಗ

ಫೆಬ್ರವರಿ 5, ಸೋಮವಾರ

ಬರೆದುಬಿಟ್ಟರೆ ಸ್ವಲ್ಪ ಹಗುರವಾಗಬಹುದು ಎಂದು ಈ ನೋಟ್‌ಬುಕ್ ಶುರು ಮಾಡಿದ್ದೇನೆ. ಬಟ್ಟೆಯ ಟ್ರಂಕಿನ ತಳದಲ್ಲಿ ಇಡುತ್ತೇನೆ. ಯಾರೂ ಓದಬಾರದು.

10:40ಕ್ಕೆ ಬೆಲ್. 10:42ಕ್ಕೆ ಮೂರನೇ ತರಗತಿಯೊಳಗೆ ಕಾಲಿಟ್ಟೆ. 10:43, ‘ಗುಡ್ ಮಾರ್ನಿಂಗ್ ಮಿಸ್’ ರಾಗ ಎಳೆದು ಮುಗಿಸಿದರು. 10:45, ಪೀಠಿಕೆ ಪ್ರಶ್ನೆ: ‘ಮಕ್ಕಳೇ, ಉದ್ದವನ್ನು ಯಾವುದರಿಂದ ಅಳೆಯುತ್ತಾರೆ?’ ಲೆಸನ್ ಪ್ಲಾನ್‌ನ ಬಲಗಡೆಯ ಕಾಲಂನಲ್ಲಿ ‘ಮಕ್ಕಳು ಉತ್ಸಾಹದಿಂದ ಉತ್ತರಿಸುವರು’ ಎಂದು ಬರೆದಿದ್ದೆ. ಒಂದು ಕೈಯೂ ಏಳಲಿಲ್ಲ. ಮೂವತ್ತೆಂಟು ಜನ ಸುಮ್ಮನೆ ನನ್ನನ್ನೇ ನೋಡಿದರು. ಮುಂದಿನ ಸಾಲು ಅವರ ಉತ್ತರದಿಂದಲೇ ಶುರುವಾಗಬೇಕಿತ್ತು. ಉತ್ತರ ಬರಲಿಲ್ಲ, ಹಾಗಾಗಿ ನನಗೂ ಮಾತು ಬರಲಿಲ್ಲ. ಗೋಡೆ ಗಡಿಯಾರದ ಪ್ರಕಾರ ನಾಲ್ಕು ನಿಮಿಷ ಚಾಕ್‌ಪೀಸ್ ಹಿಡಿದು ನಿಂತಿದ್ದೆ. ಕೈ ಬೆವರಿಗೆ ಚಾಕ್‌ಪೀಸ್ ಒದ್ದೆಯಾಗಿ ಬರೆಯಲೇ ಇಲ್ಲ.

ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕಿ ಮೇಡಂ ಕೂತಿದ್ದರು. ನಮ್ಮ ಟ್ರೈನಿಂಗ್ ಕಾಲೇಜಿನಿಂದ ಶಾಲೆ ಶಾಲೆಗೆ ಬಂದು ನಮ್ಮ ಪಾಠ ನೋಡಿ ಮಾರ್ಕ್ಸ್ ಹಾಕುವವರು ಅವರೇ. ಕೆಂಪು ಪೆನ್ನಿನಿಂದ ಒಂದೇ ಪದ ಬರೆದರು: ‘ಅತೃಪ್ತಿಕರ’.

ಈ ತಿಂಗಳಿಡೀ ಪ್ರಾಕ್ಟೀಸ್ ಟೀಚಿಂಗ್. ಒಟ್ಟು ಎರಡು ಅಬ್ಸರ್ವೇಷನ್. ಎರಡರಲ್ಲೂ ‘ಅತೃಪ್ತಿಕರ’ ಬಂದರೆ ಫಸ್ಟ್ ಇಯರ್‌ನಲ್ಲೇ ಸೀಟು ಹೋಗುತ್ತದೆ. ಒಂದು ಬಂದಾಯಿತು.

ಫೆಬ್ರವರಿ 6, ಮಂಗಳವಾರ

ಮೇಡಂ ಕಾಲೇಜಿಗೆ ಕರೆಸಿ ಹೇಳಿದ್ದು ಎರಡೇ ಮಾತು. ‘ಈ ಸಲದ ಥೀಮ್ ಕಥೆಯಿಂದ ಕಲಿಕೆ. ನಿನ್ನ ಪಾಠದಲ್ಲಿ ಕಥೆ ಎಲ್ಲಿತ್ತು?’

ಇತ್ತು. ಮೂರನೇ ಪುಟದಲ್ಲಿತ್ತು, 10:55ಕ್ಕೆ ಬರಬೇಕಿತ್ತು. ಅದನ್ನು ಬಿಟ್ಟು ‘ಸಾರಿ ಮೇಡಂ’ ಎಂದೆ. ಬಾಗಿಲ ಹತ್ತಿರ ಇನ್ನೊಮ್ಮೆ ‘ಸಾರಿ ಮೇಡಂ’ ಎಂದೆ. ಎರಡನೆಯದು ಯಾಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಶಾಲೆಯಲ್ಲಿ ಆ ತರಗತಿ ನೋಡಿಕೊಳ್ಳುವ ಮೇಷ್ಟ್ರು ರಿಟೈರ್ ಆಗಲು ಎರಡು ವರ್ಷ ಇದೆ ಎಂದು ತಾವೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಾರೆ. ಕಥೆಯ ವಿಷಯ ತೆಗೆದದ್ದೇ ತಡ, ಕನ್ನಡಕ ಹಣೆಗೇರಿಸಿದರು.

‘ಅಲ್ಲಮ್ಮಾ, ಅಡಗೂಲಜ್ಜಿ ಕಥೆ ಹೇಳಿ ಅಳತೆ ಕಲಿಸ್ತೀರಾ? ಸಿಲಬಸ್ಸಲ್ಲಿ ಸೆಂಟಿಮೀಟರ್ ಇದೆ, ಮೀಟರ್ ಇದೆ. ರಾಕ್ಷಸ ಇಲ್ಲ.’

‘ಥೀಮ್ ಸಾರ್.’

‘ಥೀಮು! ನಮ್ ಕಾಲದಲ್ಲಿ ಬರೀ ಸ್ಕೇಲ್ ಇತ್ತು. ಅಳೆಯೋಕೂ ಅದೇ, ಬಾರಿಸೋಕೂ ಅದೇ.’

ತಮಾಷೆಯೋ ಅಲ್ಲವೋ ಗೊತ್ತಾಗದೆ ಅರ್ಧ ನಕ್ಕೆ.

ಫೆಬ್ರವರಿ 9, ಶುಕ್ರವಾರ

ಮೊದಲ ಪ್ಲಾನಿನ ಕಥೆ ಗೈಡಿನಿಂದ ಇಳಿಸಿದ್ದು, ಹೊಸದು ಸಿಗುತ್ತಿಲ್ಲ. ಲೈಬ್ರರಿಯಲ್ಲಿ ಇರುವವೆಲ್ಲ ಇಂಗ್ಲಿಷಿನವು. ಅವುಗಳ ಅರಮನೆ, ಹಿಮ, ಗಾಜಿನ ದೀಪ ಯಾವುದನ್ನೂ ನನ್ನ ಬಾಯಲ್ಲಿ ಆ ಮಕ್ಕಳಿಗೆ ಹೇಳಲು ಆಗುತ್ತಿಲ್ಲ. ಕನ್ನಡಿಯೆದುರು ‘ಒಂದಾನೊಂದು ಕಾಲದಲ್ಲಿ’ ಎಂದು ಏಳು ಸಲ ಶುರು ಮಾಡಿದೆ. ಏಳು ಸಲವೂ ವಾರ್ಡನ್ ನೋಟಿಸ್ ಓದಿದ ಹಾಗೆ ಕೇಳಿಸಿತು.

ಏಳನೇ ವಯಸ್ಸಿನಿಂದ ಹಾಸ್ಟೆಲ್. ಊಟಕ್ಕೆ ಬೆಲ್, ಸ್ನಾನಕ್ಕೆ ಬೆಲ್, ಲೈಟ್ ಆರಿಸಲು ಬೆಲ್. ಮಲಗುವ ಮುಂಚೆ ನಾವು ಕೇಳುತ್ತಿದ್ದದ್ದು ಹಾಜರಿ. ಅಷ್ಟರಲ್ಲಿ ಕಥೆಗೆ ಬೆಲ್ ಎಲ್ಲಿತ್ತು.

ರೋಲ್ ನಂಬರ್ 7 ಇವತ್ತು ಕಾರಿಡಾರ್‌ನಲ್ಲಿ ತಡೆದು ‘ಮಿಸ್, ನಿಮಗೆ ಮಾತಾಡೋಕೆ ಬರುತ್ತಾ?’ ಎಂದು ಕೇಳಿದ. ನಿಜವಾದ ಅನುಮಾನದಿಂದಲೇ ಕೇಳಿದ.

ಫೆಬ್ರವರಿ 11, ಭಾನುವಾರ

ಅಮ್ಮನಿಗೆ ಫೋನ್ ಮಾಡುವ ದಿನ. ಯಾವಾಗಿನಂತೆ ಊಟ, ಜ್ವರ, ಬಟ್ಟೆ ಮುಗಿದ ಮೇಲೆ ಕೇಳಿದೆ. ‘ಅಮ್ಮಾ, ನಾನು ಚಿಕ್ಕೋಳಿದ್ದಾಗ ನನಗೆ ಕಥೆ ಹೇಳ್ತಿದ್ಯಾ?’

‘ಹೇಳ್ದೆ ಇರ್ತೀನಾ? ಬಾವಿ ರಾಕ್ಷಸಂದು. ದಿನಾ ಅದೇ ಬೇಕು ನಿಂಗೆ.’

ನನಗೆ ಒಂದು ಅಕ್ಷರವೂ ನೆನಪಿಲ್ಲ.

‘ಒಬ್ಬ ರಾಕ್ಷಸ ಇದ್ದ, ಬಾವಿ ಬಗ್ಗಿ ನೋಡೋಕೆ ಹೋಗಿ ದೊಪ್ಪಂತ ಒಳಗೆ ಬಿದ್ದ. ಊರೋರಿಗೆಲ್ಲ ಖುಷಿ, ತೊಲಗ್ದ ಅಂತ. ಒಂದು ಮಗು ಮಾತ್ರ ದಿನಾ ಹೋಗಿ ಬಗ್ಗಿ ಕೇಳೋದು, ರಾಕ್ಷಸಪ್ಪಾ, ಮೇಲೆ ಬರ್ತೀಯಾ ಅಂತ. ಅವನು ಹಗ್ಗ ಕೊಡಿ ಅನ್ನೋನು.’

‘ಆಮೇಲೆ?’

‘ಆಮೇಲೆ ನೀನು ನಿದ್ದೆ ಹೋಗ್ತಿದ್ದೆ.’

‘ಅಂದ್ರೆ ಕೊನೆಗೆ ಮೇಲೆ ಬಂದ್ನಾ?’

‘ನಂಗೇನ್ ಗೊತ್ತೇ? ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಎಳೀತಾ ಇದ್ದೆ. ಅಷ್ಟರಲ್ಲಿ ನಿನ್ನ ಹಾಸ್ಟೆಲ್‌ಗೆ ಸೇರಿಸಿದ್ವಲ್ಲ. ಯಾಕೆ, ಏನಾದ್ರೂ ತೊಂದ್ರೆನಾ?’

ಇಲ್ಲ ಎಂದೆ. ಸೀಟಿನ ವಿಷಯ ಹೇಳಲಿಲ್ಲ.

ಫೆಬ್ರವರಿ 12, ಸೋಮವಾರ

ಕಥೆಯನ್ನು ಪೂರ್ತಿ ಬರೆದುಕೊಂಡು ಹೋಗಿದ್ದೆ, ಒಂಬತ್ತು ಕಾರ್ಡು. ಎರಡನೇ ಕಾರ್ಡಿನಲ್ಲಿ ರಾಕ್ಷಸ ಬಾವಿಗೆ ಬಿದ್ದ. ರೋಲ್ ನಂಬರ್ 7 ಎದ್ದು ನಿಂತ.

‘ಮಿಸ್, ಅವನಿಗೆ ಶೀತ ಆಗಲ್ವಾ?’

ಕಾರ್ಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ‘ಆಗುತ್ತೆ’ ಎಂದೆ.

‘ಸೀನ್ತಾನಾ?’

‘ಸೀನ್ತಾನೆ.’

‘ಸೀನಿದ್ರೆ ನೀರು ಮೇಲೆ ಹಾರುತ್ತಾ?’

ಆಮೇಲೆ ಯಾರು ಯಾವಾಗ ಏನು ಕೇಳಿದರೋ! ರಾಕ್ಷಸನಿಗೆ ಹಲ್ಲುನೋವು ಬಂತು, ಕಪ್ಪೆಯೊಂದು ಗೆಳೆಯನಾಯಿತು, ಅವನ ಚಪ್ಪಲಿ ತೇಲಿ ಮೇಲೆ ಬಂತು. ಕಾರ್ಡುಗಳು ಕೆಳಗೆ ಬಿದ್ದು ಕಲೆಸಿಹೋದವು. ಪಾಠದ ಉದ್ದೇಶ ಒಂದೂ ಈಡೇರಲಿಲ್ಲ. 11:20ಕ್ಕೆ ಬೆಲ್ ಹೊಡೆದಾಗ ಅಳತೆಯ ‘ಅ’ ಕೂಡ ಬಂದಿರಲಿಲ್ಲ.

ಫೆಬ್ರವರಿ 15, ಗುರುವಾರ

ಬಾವಿಯ ರಾಕ್ಷಸನಿಗೆ ಪತ್ರ ಬರೆಯುವ ಚಟುವಟಿಕೆ. (ಭಾಷೆ ಮತ್ತು ಗಣಿತದ ಸಮನ್ವಯ. ಹೀಗೆ ಬರೆದರೆ ಮೇಡಂ ಒಪ್ಪಬಹುದು.) ಮೂವತ್ತೆಂಟು ಪತ್ರ ಬಂದವು. ರೋಲ್ ನಂಬರ್ 7ನ್ನು ಮಕ್ಕಳು ರೇಡಿಯೋ ಎಂದು ಕರೆಯುತ್ತಾರೆ, ಅವನದು ಮೂರು ಪುಟ. ರೋಲ್ ನಂಬರ್ 23ರದು ಒಂದೇ ಸಾಲು: ‘ನಿನ್ನ ಬಾವಿ ಎಷ್ಟು ಆಳ ಹೇಳು, ಹಗ್ಗ ತರುತ್ತೇವೆ.’

ನಾನು ಅಳತೆಯ ಕಡೆ ಹೇಗೆ ತಿರುಗಿಸುವುದು ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಅವಳು ಒಂದೇ ಸಾಲಲ್ಲಿ ತಿರುಗಿಸಿಬಿಟ್ಟಳು.

ರಾಕ್ಷಸನ ಪರವಾಗಿ ಉತ್ತರ ಬರೆದೆ, ದಪ್ಪ ಅಕ್ಷರದಲ್ಲಿ, ನೀರು ಚಿಮುಕಿಸಿ. ‘ನನ್ನ ಬಾವಿ ಸರಿಯಾಗಿ ಹನ್ನೆರಡು ಮೊಳ ಆಳ.’ 23 ಅದನ್ನು ಮುಟ್ಟಿ ನೋಡಿ, ‘ಇನ್ನೂ ಒದ್ದೆ ಇದೆ’ ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಅವಳ ಫ್ರಾಕಿನ ಗುಂಡಿ ಹೋದ ಕಡೆಯಲ್ಲೆಲ್ಲ ಸೇಫ್ಟಿಪಿನ್. ಅದಕ್ಕೇ ಅವಳ ಹೆಸರು ಪಿನ್ನಿಯಂತೆ. ಎಣಿಸಿದೆ, ನಾಲ್ಕು ಪಿನ್ನು.

ಫೆಬ್ರವರಿ 16, ಶುಕ್ರವಾರ

ಹಾಸ್ಟೆಲ್ ರೂಮಿನಲ್ಲಿ ಬಟ್ಟೆ ಒಣಗಿಸುವ ನನ್ನ ಹಗ್ಗ ಬಿಚ್ಚಿ ಶಾಲೆಗೆ ತೆಗೆದುಕೊಂಡು ಹೋದೆ. ಮಕ್ಕಳು ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು, ಎರಡು ಎಂದು ಅಳೆದು, ಹನ್ನೆರಡು ಮೊಳಕ್ಕೆ ಕೆಂಪು ದಾರ ಕಟ್ಟಿದರು.

ಬಾವಿ ಬೇಕಲ್ಲ. ಕಾರಿಡಾರ್ ನೆಲದ ಮೇಲೆ ಉದ್ದಕ್ಕೆ ಬಾವಿ ಬರೆಯಬೇಕು, ಅದನ್ನು ರಾಕ್ಷಸನಂಥ ದೊಡ್ಡ ಕೈಯಲ್ಲಿ ಅಳೆಯಬೇಕು. ಶಾಲೆ ಬಿಟ್ಟ ಮೇಲೆ ಮೇಷ್ಟ್ರನ್ನು ಕೇಳಲು ಹದಿನೈದು ನಿಮಿಷ ಅವರ ಟೇಬಲ್ ಸುತ್ತ ಸುಳಿದಾಡಿದೆ.

‘ಏನಮ್ಮಾ, ನೊಣದ ಹಾಗೆ?’

ಹೇಳಿದೆ. ಅವರು ಷರ್ಟಿನ ತೋಳು ಮಡಿಸಿ ಕಾರಿಡಾರಿನಲ್ಲಿ ಮಂಡಿಯೂರಿ ಕೂತೇಬಿಟ್ಟರು. ಹನ್ನೆರಡು ಸಲ ನೆಲಕ್ಕೆ ಕೈ ಚಾಚಿದರು, ನಾನು ಚಾಕ್‌ಪೀಸಿನಲ್ಲಿ ಗೆರೆ ಹಾಕಿದೆ. ಏಳುವಾಗ ಸೊಂಟ ಹಿಡಿದುಕೊಂಡು, ‘ರಾಕ್ಷಸ ಯಾರು ಅಂತ ಮಕ್ಕಳಿಗೆ ಹೇಳ್ಬೇಡಿ. ಎರಡು ವರ್ಷ ಮರ್ಯಾದೆ ಉಳೀಲಿ’ ಎಂದರು.

ಫೆಬ್ರವರಿ 19, ಸೋಮವಾರ

ನೋಟಿಸ್ ಬಂತು. ಗುರುವಾರ, 10:40. ಎರಡನೇ ಅಬ್ಸರ್ವೇಷನ್.

ಬೆಳಿಗ್ಗೆಯಿಂದ ಕೈ ಮೂರು ಸಲ ತೊಳೆದೆ. ಹಗ್ಗ ಸಾಲದು ಎಂಬುದನ್ನು ಆ ದಿನವೇ ತೋರಿಸಬೇಕು, ಯಾಕೆ ಸಾಲದು ಎಂದು ಕೇಳಬೇಕು. ಆಗ ಮತ್ತೆ ಒಂದು ಕೈಯೂ ಏಳದಿದ್ದರೆ? ಕಣ್ಣು ಮುಚ್ಚಿದರೆ ಆ ನಾಲ್ಕು ನಿಮಿಷವೇ ಕಾಣುತ್ತದೆ.

ಸ್ಟಡಿ ಅವರ್‌ನಲ್ಲಿ ಪಕ್ಕದ ರೂಮಿನ ಸೀನಿಯರ್ ಅಕ್ಕ ನನ್ನ ಮುಖ ನೋಡಿ ನಕ್ಕಳು. ‘ಅಯ್ಯೋ ಪೆದ್ದೀ, ಅಷ್ಟೇನಾ? ಎಡಗೈ ಬಲಗೈ ಹೇಳ್ಕೊಟ್ಟಿಲ್ವಾ ನಿಂಗೆ ಯಾರೂ?’

‘ಏನಕ್ಕಾ ಅದು?’

‘ಮೊದಲೇ ಒಂದಿನ ರಿಹರ್ಸಲ್ ಮಾಡ್ಸು. ಉತ್ತರ ಬಾಯಿಪಾಠ ಮಾಡ್ಸು. ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಕೈ ಎತ್ಬೇಕು. ಗೊತ್ತಿರೋರು ಬಲಗೈ, ಗೊತ್ತಿಲ್ದೋರು ಎಡಗೈ. ಹಿಂದೆ ಕೂತೋರಿಗೆ ಬರೀ ಕೈ ಕಾಣುತ್ತೆ. ನೀನು ಬಲಗೈ ನೋಡಿ ಎಬ್ಬಿಸು. ನಮ್ಮ ಸೀನಿಯರ್ಸ್ ನಮಗೆ ಹೇಳ್ಕೊಟ್ರು, ಅವರಿಗೆ ಅವರ ಸೀನಿಯರ್ಸು. ಇವತ್ತಿನವರೆಗೆ ಯಾರೂ ಸಿಕ್ಕಿಬಿದ್ದಿಲ್ಲ ಕಣೇ.’

ಇದು ಮೋಸವಲ್ಲವೇ ಎಂದು ಕೇಳಬೇಕೆನಿಸಿತು. ‘ಥ್ಯಾಂಕ್ಸ್ ಅಕ್ಕಾ’ ಎಂದೆ.

ಫೆಬ್ರವರಿ 20, ಮಂಗಳವಾರ

ರಿಹರ್ಸಲ್ ಆಯಿತು. ಪ್ರಶ್ನೆ: ಹಗ್ಗ ಏಕೆ ಸಾಲಲಿಲ್ಲ? ಉತ್ತರ: ‘ಏಕೆಂದರೆ ಅಳತೆಯ ಮಾನ ಬೇರೆ ಬೇರೆ ಆಗಿದೆ.’ ಹತ್ತು ಸಲ ಒಟ್ಟಿಗೆ ಹೇಳಿಸಿದೆ. ರೇಡಿಯೋ ಹಾಡಿನ ಧಾಟಿಯಲ್ಲಿ ಹೇಳಿದ. ಎಡಗೈ ಬಲಗೈ ನಿಯಮ ಅವರಿಗೆ ಕಥೆಯಷ್ಟೇ ಇಷ್ಟವಾಯಿತು.

ಪಿನ್ನಿ ಎರಡು ಕೈಯನ್ನೂ ಮುಂದೆ ಹಿಡಿದು ನೋಡಿಕೊಂಡಳು. ಯಾವುದು ಎಡ ಎಂದು ಮರೆಯಬಾರದೆಂದು ಎಡಗೈ ಮೇಲೆ ಪೆನ್ನಿನಿಂದ ಒಂದು ಚುಕ್ಕಿ ಇಟ್ಟುಕೊಂಡಳು.

ಬಿಡುವಿನಲ್ಲಿ ರೇಡಿಯೋ ಬಂದು, ‘ಮಿಸ್, ಹಗ್ಗ ಸಾಲಲ್ಲ ಅಂತ ನಿಮಗೆ ಮೊದಲೇ ಹೇಗೆ ಗೊತ್ತು? ಇನ್ನೂ ಬಾವಿಗೆ ಬಿಟ್ಟೇ ಇಲ್ವಲ್ಲ’ ಎಂದ. ಹೋಗಿ ನೀರು ಕುಡಿ ಎಂದು ಕಳಿಸಿದೆ.

ಫೆಬ್ರವರಿ 21, ಬುಧವಾರ

ಪ್ಲಾನ್ ನಾಲ್ಕನೇ ಸಲ ನಕಲು ಮಾಡಿದೆ. ಅಕ್ಷರ ಇನ್ನೂ ಸೊಟ್ಟ.

ಫೆಬ್ರವರಿ 22, ಗುರುವಾರ

ಕ್ರಮವಾಗಿ ಬರೆಯಬೇಕು.

10:40ಕ್ಕೆ ಎಲ್ಲರೂ ಕಾರಿಡಾರಿಗೆ ಬಂದೆವು. ಮೇಡಂ ಕುರ್ಚಿಯನ್ನು ಹಿಂದೆ ಹಾಕಿಸಿಕೊಳ್ಳಲಿಲ್ಲ. ಚಾಕ್‌ಪೀಸಿನ ಬಾವಿಯ ಪಕ್ಕದಲ್ಲಿ, ಮಕ್ಕಳಿಗೆ ಎದುರಾಗಿ ಹಾಕಿಸಿಕೊಂಡರು. ಸೀನಿಯರ್ ಅಕ್ಕ ಹೇಳಿದ್ದು ಹಿಂದೆ ಕೂತವರ ಲೆಕ್ಕ. ಕಥೆ ಹೇಳಿದೆ, ಹಗ್ಗ ಬಾವಿಗೆ ಬಿಟ್ಟೆವು. ಕೆಂಪು ದಾರ ಒಂಬತ್ತನೇ ಗೆರೆ ದಾಟಿ ನಿಂತುಬಿಟ್ಟಿತು. ‘ಅಯ್ಯೋ’ ಎಂದರು ಎಲ್ಲರೂ. ಅದು ರಿಹರ್ಸಲ್‌ನಲ್ಲಿ ಇರಲಿಲ್ಲ.

‘ಹಗ್ಗ ಯಾಕೆ ಸಾಲಲಿಲ್ಲ?’ ಎಂದೆ.

ಮೂವತ್ತೆಂಟು ಕೈ ಎದ್ದವು. ನಾನು ರೇಡಿಯೋನ ಬಲಗೈ ಕಡೆ ಬೆರಳು ತೋರಿಸುವಷ್ಟರಲ್ಲಿ ಮೇಡಂ ಅಂದರು: ‘ಒಂದ್ನಿಮಿಷ, ಈ ಪುಟ್ಟಿ ಹೇಳಲಿ.’

ಪಿನ್ನಿ. ಎಡಗೈ. ಚುಕ್ಕಿ ನನಗೆ ಅಷ್ಟು ದೂರದಿಂದಲೂ ಕಂಡಿತು.

ಅವಳು ಎದ್ದು ನಿಂತಳು. ‘ನಂಗೆ ಗೊತ್ತಿಲ್ಲ ಮಿಸ್. ಎಡಗೈ ಎತ್ತಿದೀನಲ್ಲ.’

‘ಎಡಗೈ ಎತ್ತಿದ್ರೆ ಏನಮ್ಮಾ?’

ಇಡೀ ತರಗತಿ ಒಂದೇ ಕೊರಳಲ್ಲಿ ಹೇಳಿತು: ‘ಗೊತ್ತಿದ್ರೆ ಬಲಗೈ, ಗೊತ್ತಿಲ್ದಿದ್ರೆ ಎಡಗೈ!’ ಅಷ್ಟು ಚೆನ್ನಾಗಿ, ಅಷ್ಟು ಖುಷಿಯಾಗಿ.

ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಕಿಟಕಿಯ ಹತ್ತಿರ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಸೀಟು ಹೋಯಿತು. ಆ ಕ್ಷಣದಲ್ಲಿ ನನಗೆ ಅಮ್ಮನ ಮುಖವೂ ನೆನಪಾಗಲಿಲ್ಲ, ಟ್ರಂಕ್ ಪ್ಯಾಕ್ ಮಾಡುವುದು ಮಾತ್ರ ನೆನಪಾಯಿತು. ಆದರೆ ಪಿನ್ನಿ ಇನ್ನೂ ನಿಂತೇ ಇದ್ದಳು, ಕೂರು ಎಂದು ಯಾರೂ ಹೇಳಿರಲಿಲ್ಲ. ತಾನೇನೋ ತಪ್ಪು ಮಾಡಿದೆ ಎಂಬಂತೆ ಅವಳ ಕೈ ನಿಧಾನವಾಗಿ ಕೆಳಗಿಳಿಯುತ್ತಿತ್ತು.

‘ಕೈ ಇಳಿಸ್ಬೇಡ’ ಎಂದೆ. ‘ನೀನು ಸರಿಯಾಗೇ ಎತ್ತಿದೀಯ. ಮೇಡಂ, ಇದು ನಾನೇ ಹೇಳಿಕೊಟ್ಟಿದ್ದು. ಅವರ ತಪ್ಪಿಲ್ಲ.’ ಆಮೇಲೆ ಪಿನ್ನಿಗೆ, ‘ನಿಂಗೆ ಆ ಉತ್ತರದ ಸಾಲು ನೆನಪಿಲ್ವಾ?’

‘ಸಾಲು ಬರುತ್ತೆ ಮಿಸ್. ಯಾಕೆ ಅಂತ ಗೊತ್ತಿಲ್ಲ.’

ನಾನು ಪ್ಲಾನ್ ಹಾಳೆ ಎಲ್ಲಿಟ್ಟೆನೋ ಗೊತ್ತಿಲ್ಲ. ‘ಎಡಗೈಯವರೆಲ್ಲ ಮುಂದೆ ಬನ್ನಿ’ ಎಂದೆ. ಹನ್ನೊಂದು ಜನ ಬಂದರು. ಬಲಗೈ ಎತ್ತಿದ್ದ ಇನ್ನೂ ಆರು ಜನ ಅವರ ಹಿಂದೆ ಮೆಲ್ಲಗೆ ಸೇರಿಕೊಂಡರು. ಹಗ್ಗ ಅವರ ಕೈಗೆ ಕೊಟ್ಟೆ. ಅಳೆದರು: ಹನ್ನೆರಡು. ಮತ್ತೆ ಅಳೆದರು: ಹನ್ನೆರಡು. ‘ರಾಕ್ಷಸನೇ ಸುಳ್ಳು ಹೇಳಿರ್ಬೇಕು’ ಎಂದು ಒಬ್ಬ. ‘ಅವನು ಹಂಗೆಲ್ಲ ಹೇಳಲ್ಲ’ ಎಂದು ಇನ್ನೊಬ್ಬಳು ಜಗಳಕ್ಕೇ ನಿಂತಳು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ನೋಡಲಿಲ್ಲ.

ಪಿನ್ನಿ ಹಗ್ಗದ ತುದಿ ಹಿಡಿದು ಕುರ್ಚಿಯ ಹತ್ತಿರ ಹೋದಳು. ‘ಮಿಸ್, ನಿಮ್ಮ ಕೈ ಒಂಚೂರು ಕೊಡಿ.’

ಮೇಡಂ ಪೆನ್ನನ್ನು ಎಡಗೈಗೆ ದಾಟಿಸಿ ಬಲಗೈ ಕೊಟ್ಟರು. ಅವಳು ಅವರ ಬಳೆ ಸರಿಸಿ, ಮೊಣಕೈಗೆ ಹಗ್ಗ ಒತ್ತಿ ಒಂದೊಂದೇ ಅಳೆದಳು. ಏಳು. ಎಂಟು. ಒಂಬತ್ತು. ಕೆಂಪು ದಾರ ಬಂದೇಬಿಟ್ಟಿತು. ಅವಳು ತನ್ನ ಕೈ ನೋಡಿದಳು, ಅವರ ಕೈ ನೋಡಿದಳು, ನೆಲದ ಗೆರೆ ನೋಡಿದಳು.

‘ರಾಕ್ಷಸನ ಕೈ ಇವರ ಕೈ ಥರ! ಅವನು ಅವನ ಕೈಯಲ್ಲಿ ಅಳ್ದಿದಾನೆ, ನಾವು ನಮ್ಮ ಕೈಯಲ್ಲಿ ಅಳ್ದಿದೀವಿ! ಮಿಸ್, ಎಲ್ಲರಿಗೂ ಒಂದೇ ಕೈ ಬೇಕು!’

‘ಎಲ್ಲರಿಗೂ ಒಂದೇ ಕೈ ಎಲ್ಲಿಂದ ತರೋದು?’ ಎಂದ ರೇಡಿಯೋ. ಆಮೇಲೆ ತಾನೇ ಒಳಗೆ ಓಡಿ ಬೋರ್ಡಿನ ಪಕ್ಕದ ಮೀಟರ್ ಕೋಲು ಹೊತ್ತು ತಂದ.

ಬೆಲ್ ಆಯಿತು. ಕೋಲಿನಿಂದ ಬಾವಿ ಅಳೆಯುವುದು ಅರ್ಧಕ್ಕೇ ನಿಂತಿತು. ಮಕ್ಕಳು ಒಳಗೆ ಹೋದ ಮೇಲೆ ಮೇಡಂ ಫೈಲ್ ಮುಚ್ಚಿದರು.

‘ಆ ಟ್ರಿಕ್ ನಾನೂ ಮಾಡಿದೀನಿ, ಇಪ್ಪತ್ತಾರು ವರ್ಷದ ಹಿಂದೆ. ಅದಕ್ಕೇ ಇವತ್ತು ಮುಂದೆ ಕೂತೆ. ಮೊದಲ ಅರ್ಧಕ್ಕೆ ನಾನು ಏನು ಬರೀಬೇಕು ಅಂತ ನಿನಗೇ ಗೊತ್ತು.’

‘ಗೊತ್ತು ಮೇಡಂ.’

‘ಉಳಿದ ಅರ್ಧಕ್ಕೆ ಏನು ಬರೀಬೇಕು ಅಂತ ನನಗೆ ಗೊತ್ತಾಗ್ತಿಲ್ಲ. ಇವತ್ತು ಏನೂ ಬರೆಯಲ್ಲ. ಇನ್ನೊಂದ್ಸಲ ಬರ್ತೀನಿ, ಯಾವತ್ತು ಅಂತ ಹೇಳಲ್ಲ. ಅವತ್ತು ಬರೆದದ್ದೇ ಕೊನೆ.’

ಹೇಳದೆ ಬರುತ್ತಾರೆ. ಅಂದರೆ ದಿನಾ ಗುರುವಾರ.

ಫೆಬ್ರವರಿ 23, ಶುಕ್ರವಾರ

ಇಡೀ ಪೀರಿಯಡ್ ಬಾಗಿಲ ಕಡೆ ನೋಡುತ್ತಲೇ ಕಳೆದೆ. ಬರಲಿಲ್ಲ. ‘ಮಿಸ್, ಬಾಗಿಲಲ್ಲಿ ಏನಿದೆ?’ ಎಂದು ಪಿನ್ನಿ ಕೇಳಿದಳು. ಬಾವಿಯ ಆಳ ಐದು ಮೀಟರ್ ಎಪ್ಪತ್ತೈದು ಸೆಂಟಿಮೀಟರ್. ಮೇಷ್ಟ್ರ ಕೈ ನಿಜವಾಗಿಯೂ ಉದ್ದ.

ಫೆಬ್ರವರಿ 28, ಬುಧವಾರ

ಇವತ್ತು ರಾಕ್ಷಸನನ್ನು ಎಳೆದೆವು. ನನ್ನ ಹಗ್ಗದ ಜೊತೆ ಅಟೆಂಡರ್ ಹತ್ತಿರವಿದ್ದ ಇನ್ನೊಂದು ತುಂಡು ಗಂಟು ಹಾಕಿದೆವು. ಗಂಟಿಗೆ ಎಷ್ಟು ಸೆಂಟಿಮೀಟರ್ ಹೋಗುತ್ತದೆ ಎಂದು ದೊಡ್ಡ ಚರ್ಚೆ. ಮೊದಲು ಕಳೆಯಬೇಕೋ ಆಮೇಲೆ ಕೂಡಿಸಬೇಕೋ ಎಂದು ರೇಡಿಯೋ ಬೋರ್ಡಿನ ಮೇಲೆಲ್ಲ ಲೆಕ್ಕ ಗೀಚಿದ, ಎರಡು ಸಲ ತಪ್ಪು ಮಾಡಿದ, ಮೂರನೆಯ ಸಲ ಪಕ್ಕದವನು ಡಸ್ಟರ್ ಕಿತ್ತುಕೊಂಡು ಸರಿ ಮಾಡಿದ. ಮೂವತ್ತೆಂಟು ಜನ ಹಗ್ಗ ಹಿಡಿದು ‘ಐಸಾ’ ಎಂದು ಎಳೆದಾಗ ನಾಲ್ಕನೇ ತರಗತಿಯವರು ಪಾಠ ಬಿಟ್ಟು ಕಿಟಕಿಗೆ ಬಂದರು. ಮೊದಲು ಕಪ್ಪೆ ಬಂತು. ಆಮೇಲೆ ಕೊಂಬು, ಆಮೇಲೆ ಒದ್ದೆ ತಲೆ. ರಾಕ್ಷಸ ಬಾವಿಯ ಕಟ್ಟೆ ಮೇಲೆ ಕೂತು ಸೀನಿದ.

‘ಈಗ ಎಲ್ಲಿಗೆ ಹೋಗ್ತಾನೆ ಮಿಸ್?’ ಎಂದಳು ಪಿನ್ನಿ. ‘ಅಷ್ಟು ದಿನ ಒಳಗಿದ್ನಲ್ಲ. ಅವನ ಮನೆ ದಾರಿ ಅವನಿಗೆ ನೆನಪಿರುತ್ತಾ?’

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎಡಗೈ ಎತ್ತಿದೆ.

ಅವರೆಲ್ಲರೂ ಎಡಗೈ ಎತ್ತಿದರು, ಜೋರಾಗಿ ನಗುತ್ತಾ. ಬಾಗಿಲ ಹತ್ತಿರ ಯಾರೋ ದೊಡ್ಡವರೂ ನಕ್ಕ ಹಾಗಾಯಿತು. ಮೇಷ್ಟ್ರಿರಬೇಕು ಎಂದುಕೊಂಡು ನಾನು ತಿರುಗಲಿಲ್ಲ. ಪಿನ್ನಿ ಆಗಲೇ ನೆಲದ ಮೇಲೆ ದಾರಿ ಬರೆಯಲು ಶುರು ಮಾಡಿದ್ದಳು, ‘ಇಲ್ಲಿಂದ ಮನೆಗೆ ಎಷ್ಟು ಕಿಲೋಮೀಟರ್ ಅಂತ ಮೊದಲು ಕೇಳ್ಬೇಕು’ ಎಂದು. ನಾಳೆಗೆ ಕಿಲೋಮೀಟರ್ ತೆಗೆದುಕೊಳ್ಳಬೇಕು. ಸ್ವಲ್ಪ ಓದಿಕೊಳ್ಳಬೇಕು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

‘ಭಾನುವಾರ ಅಲ್ವಲ್ಲೇ ಇವತ್ತು! ಏನಾಯ್ತು?’

‘ಏನಿಲ್ಲ. ಅವನು ಮೇಲೆ ಬಂದ ಅಮ್ಮಾ.’

‘ಯಾರು?’ ಎಂದಳು. ಆಮೇಲೆ ನೆನಪಾಗಿ ಬಹಳ ಹೊತ್ತು ನಕ್ಕಳು. ‘ಸದ್ಯ! ಆಮೇಲೆ?’

ನಾಳೆ ಹೇಳ್ತೀನಿ ಎಂದೆ.

ಬರೆಯಲು ಮರೆತೆ. ಬಾಗಿಲಲ್ಲಿ ನಿಂತಿದ್ದದ್ದು ಮೇಷ್ಟ್ರಲ್ಲವಂತೆ, ಮೇಲ್ವಿಚಾರಕಿ ಮೇಡಂ ಅಂತೆ. ಇಪ್ಪತ್ತು ನಿಮಿಷ ನಿಂತಿದ್ದು, ಒಳಗೂ ಬರದೆ ಸಹಿ ಮಾಡಿ ಹೋದರಂತೆ. ರಿಜಿಸ್ಟರ್ ತೆರೆದು ಮೇಷ್ಟ್ರೇ ತೋರಿಸಿದರು. ಅದೇ ಕೆಂಪು ಪೆನ್ನು. ‘ತೃಪ್ತಿಕರ’. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಬಾಗಿಲು ಹಾಕಿಕೊಂಡು ಪಾಠ ಮಾಡುವುದು, ಗಲಾಟೆ ಹೆಚ್ಚು.’

ಹಗ್ಗ ಶಾಲೆಯಲ್ಲೇ ಇದೆ. ನಾಳೆಯೂ ಬೇಕಾಗುತ್ತದೆ. ಒಗೆದ ಬಟ್ಟೆಯನ್ನೆಲ್ಲ ಕಿಟಕಿಯ ಸರಳುಗಳಿಗೆ ಹರವಿದ್ದೇನೆ, ಬೆಳಕು ಅಷ್ಟಾಗಿ ಬರುತ್ತಿಲ್ಲ.